ಕರೆಂಟ್ ಹೋದ ಹೊತ್ತು

ನಮ್ಮ ಬನಹಟ್ಟಿಯಲ್ಲಿ ಮಗ್ಗ ನಿಂತರೆ
ಮೊದಲು ಕಿವಿಗೆ ಬೀಳುವುದು ನಮ್ಮದೇ ಉಸಿರು.
ಆಮೇಲೆ ಹಿತ್ತಲ ಕೋಳಿ, ಹಿಂದಿನ ಓಣಿಯ ರೊಟ್ಟಿ ಬಡಿತ,
ಆಮೇಲೆ ಗಂಟಲು ಸರಿಮಾಡಿಕೊಳ್ಳುವ
ಮಾಲನಬಿಯ ಸಣ್ಣ ಕೆಮ್ಮು.

ಕರೆಂಟ್ ಹೋಯಿತೆಂದು ಎಂಟು ಮಗ್ಗದ ಶೆಡ್ಡಿನಲ್ಲಿ
ಯಾರೂ ಬೈಯುವುದಿಲ್ಲ, ಮಾಲಕರೊಬ್ಬರನ್ನು ಬಿಟ್ಟು.
ಆಕೆ ಹೊಸ್ತಿಲ ಬೆಳಕಿಗೆ ಕೂಡುತ್ತಾಳೆ,
ಕಂಡಿಕೆ ಬುಟ್ಟಿಯ ತಳದಿಂದ ಪುಸ್ತಕ ತೆಗೆಯುತ್ತಾಳೆ.
ಗುರುತಿಗೆ ಇಟ್ಟದ್ದು ಒಂದೆಳೆ ಹಸಿರು ನೂಲು.
ಗ್ರಂಥಾಲಯದ್ದು. ಹರಿದ ಬೆನ್ನಿಗೆ ಯಾರೋ
ಕ್ಯಾಲೆಂಡರಿನ ಹಾಳೆ ಅಂಟಿಸಿದ್ದಾರೆ,
ಹಳೆಯದೊಂದು ಶ್ರಾವಣ ಅಲ್ಲಿ ಇನ್ನೂ ಓದಲು ಬರುತ್ತದೆ.

"ಎಲ್ಲಿಗೆ ಬಂದಿತ್ತು?"
"ಆಂವ ತಕ್ಕಡಿ ಹೆಗಲಿಗೆ ಹಾಕ್ಕೊಂಡು ಹೊಳಿ ದಾಟತಿದ್ದ."
"ದಾಟಿ ಆಗಿತ್ತವಾ. ಒಂದು ತಟ್ಟಿ ನೀರಾಗ ಬಿದ್ದಿತ್ತು."
ರೇಷನ್ ಕಾರ್ಡು ಎಲ್ಲಿಟ್ಟೆವೆಂಬುದು ಮರೆತರೂ
ಇದು ಮರೆಯುವುದಿಲ್ಲ.

ಕಥೆ ಸಣ್ಣದು, ಹದಿನಾಲ್ಕು ಪುಟ.
ಬೇರೆ ಊರಲ್ಲಿ ಯಾರೋ ಚಹಾ ಆರುವುದರೊಳಗೆ ಮುಗಿಸಿರಬಹುದು.
ನಮಗದು ಐದು ಸಲ ಕರೆಂಟ್ ಹೋಗುವಷ್ಟು ಉದ್ದ.
ನಡುವೆ ನೇಯ್ದದ್ದೂ ಕಥೆಯೊಳಗೇ ಸೇರಿತು:
ತಕ್ಕಡಿಯವನ ಹೆಂಡತಿಗೆ ನಾವೇ ಉಡಿಸಿದೆವು
ಕಡ್ಡಿ ಅಂಚಿನ ಕೆಂಪು ಸೀರೆ.
ಪುಸ್ತಕದಲ್ಲಿ ಅವಳ ಸೀರೆಯ ಮಾತೇ ಇಲ್ಲ.

ಒಮ್ಮೊಮ್ಮೆ ಹಳಗನ್ನಡ ತರುತ್ತಾಳೆ.
ನಮಗೆ ಅರ್ಧ ತಿಳಿಯುವುದಿಲ್ಲ. ತನಗೂ ಅಷ್ಟೇ, ಅನ್ನುತ್ತಾಳೆ.
ಓದವಾ, ಅನ್ನುತ್ತೇವೆ.
ಮಗ್ಗ ನಿಂತರೂ ಮೈಯೊಳಗೆ ಅದರ ಬಡಿತ ನಿಂತಿರುವುದಿಲ್ಲವಲ್ಲ,
ಆ ಸಾಲುಗಳು ಬಂದು ಸರಿಯಾಗಿ ಅದರ ಮೇಲೆ ಕೂಡುತ್ತವೆ.
ಯಾವ ಕಾಲದ್ದೋ ಒಬ್ಬ ರಾಣಿ
ಅಳುವ ಮುಂಚೆ ಕೈಬಳೆ ಸರಿಮಾಡಿಕೊಂಡಳಂತೆ.
"ಹೌದ ಮತ್ತ," ಅಂದಳು ರಾಚವ್ವ,
ಪಕ್ಕದ ಮನೆಯ ಸುದ್ದಿ ಕೇಳಿದವಳ ಹಾಗೆ.

ಆ ವರ್ಷ ಮಾರ್ಗಶಿರದಲ್ಲಿ ಹನ್ನೊಂದು ದಿನ
ಕರೆಂಟ್ ಹೋಗಲೇ ಇಲ್ಲ.
ಮಾಲಕರು ಪೇಢೆ ಹಂಚಿದರು.
ಸುಳ್ಳು ಹೇಳಬಾರದು, ಕೂಲಿ ಹೆಚ್ಚಾಯಿತು, ಮಗಳಿಗೆ ಚಪ್ಪಲಿ ಬಂತು.
ಆದರೆ ಅವನು ಬಾಗಿಲು ಬಡಿದು ನಿಂತೇ ಇದ್ದ
ಹನ್ನೊಂದು ದಿನ, ಒಂಟಿ ತಟ್ಟೆಯ ತಕ್ಕಡಿ ಹಿಡಿದು,
ಒದ್ದೆ ಧೋತರದಲ್ಲಿ, ಆ ಥಂಡಿಯಲ್ಲಿ.
ಮನೆಗೆ ಒಯ್ದು ಓದು, ಬಂದು ಹೇಳು ಅಂದರೆ
ಮಾಲನಬಿ ಒಪ್ಪಲಿಲ್ಲ:
"ಒಬ್ಬಾಕಿನ ಉಂಡು ಬಂದು ನಿಮಗ ರುಚಿ ಹೇಳಲೇನು?"

ಹನ್ನೆರಡನೆಯ ದಿನ, ಮೂರಕ್ಕೆ ಹತ್ತು ನಿಮಿಷ ಇರುವಾಗ,
ಎಂಟೂ ಲಾಳಿ ಒಮ್ಮೆಲೇ ನಿಂತವು.
ಎದುರಿನ ಶೆಡ್ಡಿನ ಸದ್ದು ಮಾತ್ರ ನಡೆದೇ ಇತ್ತು.
ಮೇಸ್ತ್ರಿ ಸಿದರಾಯಪ್ಪ ಮೀಟರಿನ ಕಡೆಯಿಂದ ಬಂದ,
ಅಕ್ಷರ ಬಾರದವ, ನಕ್ಕಿದ್ದನ್ನು ಯಾರೂ ಕಾಣದವ.
"ಫ್ಯೂಜ್ ಹೋಗೈತಿ. ಅರ್ಧ ತಾಸು ಹಿಡೀತೈತಿ."
ಅಂಗಿಯ ಕಿಸೆ ಬಿಳಿ ಪಿಂಗಾಣಿಯ ಭಾರಕ್ಕೆ ಜೋತಿತ್ತು.
ಯಾರಿಗೂ ಮೈ ತಾಗದಂತೆ ಕುಕ್ಕರುಗಾಲಲ್ಲಿ ಕೂತು,
"ಹೂಂ, ಬಾಗಿಲಾ ತಗದರೇನು?"

ತೆಗೆದವಳು ಒಬ್ಬ ಹುಡುಗಿ. ಯಾರು ಬೇಕು, ಅಂದಳು.
ಇಲ್ಲಿ ತಕ್ಕಡಿ ರಿಪೇರಿ ಮಾಡುತ್ತಾರೇನು, ಅಂದ ಅವನು.
ಅಷ್ಟೇ. ಕಥೆ ಮುಗಿದಿತ್ತು.
ಹಾಳೆ ಅಂಟಿಕೊಂಡಿದೆಯೇನೋ ಎಂದು
ಮಾಲನಬಿ ಉಗುರು ಹಾಕಿ ನೋಡಿದಳು. ಇಲ್ಲ.
"ಇದೇನ ಕಥಿ! ಹೆಂಡ್ತಿ ಎಲ್ಲಿ ಹೋದ್ಲು?" ರಾಚವ್ವನಿಗೆ ಸಿಟ್ಟು.
ನನಗೆ ನಾವು ಉಡಿಸಿದ ಸೀರೆಯ ಚಿಂತೆ.
ಸಿದರಾಯಪ್ಪ ಬಹಳ ಹೊತ್ತು ಸುಮ್ಮನಿದ್ದ.
ಎದ್ದು ಧೋತರ ಝಾಡಿಸಿಕೊಳ್ಳುತ್ತ ಅಂದ:
"ಮನಿ ಅದ ಅಂತ ಆಂವಗ ಗೊತ್ತಿತ್ತು.
ಕೇಳಾಕ ಧೈರ್ಯ ಆಗಲಿಲ್ಲ."

ಮಗ್ಗ ಮತ್ತೆ ಶುರುವಾಯಿತು.
ಸಂಜೆಯೊಳಗೆ ನನ್ನ ಕೈಯಲ್ಲಿ ಎರಡೆಳೆ ತಪ್ಪಿದವು.
ಆ ಸೀರೆ ಈಗ ಯಾವ ಊರಲ್ಲಿ ಯಾರ ಮೈಮೇಲಿದೆಯೋ.
ಸೆರಗಿನಿಂದ ಒಂದು ಗೇಣು ಈಚೆ ಬೆರಳಾಡಿಸಿದರೆ
ಸಣ್ಣ ಸಂದು ಸಿಗುತ್ತದೆ.
ಅದಕ್ಕೆ ಮಾಲಕರು ಇಪ್ಪತ್ತು ರೂಪಾಯಿ ಮುರಿದುಕೊಂಡರು.
ಇರಲಿ, ಕಥೆಗೆ ಅಷ್ಟು ಕೊಡಬಹುದು.